ಒಳ್ಳೆ ಮೌಸ್ ಆರಿಸುವುದು ಹೇಗೆ: ಗಂಗಾವತಿ ಕಡೆಯ ಕೈಗೆ, ಟೇಬಲ್ಲಿಗೆ, ಧೂಳಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

"ಅಣ್ಣ, ಒಂದು ಒಳ್ಳೆ ಮೌಸ್ ಕೊಡ್ರಿ" ಎಂದು ಕೇಳಿದರೆ ಅಂಗಡಿಯವರು ಎದುರಿಗೆ ಸಿಕ್ಕ ಡಬ್ಬಿಯನ್ನೇ ಕೊಡುತ್ತಾರೆ. ಅದು ಅವರ ತಪ್ಪಲ್ಲ. ಯಾವ ಕೆಲಸಕ್ಕೆ, ಯಾರ ಕೈಗೆ, ಎಂಥ ಟೇಬಲ್ಲಿಗೆ ಅಂತ ನಾವು ಹೇಳಿರುವುದೇ ಇಲ್ಲ. ಕೆಲವು ತಿಂಗಳಾದ ಮೇಲೆ ನಡುವಿನ ವೀಲ್ ತಿರುಗಿಸಿದರೆ ಪುಟ ಹಿಂದೆ ಮುಂದೆ ಜಿಗಿಯುತ್ತದೆ. ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತದೆ. ಮಣಿಕಟ್ಟು ನೋಯುತ್ತದೆ. ಆಗ ಮತ್ತೆ ಹೋಗಿ ಅದೇ ಡಬ್ಬಿ ತರುತ್ತೇವೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ರೈಸ್‌ಮಿಲ್ಲಿನ ಆಫೀಸು, ಡಿಟಿಪಿ ಅಂಗಡಿ, ಗ್ರಾಮ ಒನ್ ಕೇಂದ್ರ, ಓದುವ ಮಕ್ಕಳಿರುವ ಮನೆ, ಎಲ್ಲ ಕಡೆಯ ಮೌಸ್‌ಗಳನ್ನೂ ಬಿಚ್ಚಿ ನೋಡಿದ್ದೇನೆ. ಮೌಸ್ ಸಣ್ಣ ವಸ್ತು ನಿಜ. ಆದರೆ ದಿನಕ್ಕೆ ಎಂಟು ತಾಸು ಕೈ ಅದರ ಮೇಲೆಯೇ ಇರುತ್ತದೆ. ಹಾಗಾಗಿ ಮೊದಲು ಕೆಲಸ ನೋಡಿ, ಆಮೇಲೆ ಕೈ, ಆಮೇಲೆ ಟೇಬಲ್ಲು ಮತ್ತು ಧೂಳು. ಡಬ್ಬಿಯ ಮೇಲಿನ ದೊಡ್ಡ ನಂಬರ್ ಕೊನೆಗೆ. ಇದೇ ವರಸೆಯಲ್ಲಿ ಹೋಗೋಣ.

ಹೆಜ್ಜೆ 1: ಕೆಲಸ ಯಾವುದು?

ಮಿಲ್ಲಿನಲ್ಲಿ, ದಲಾಲಿ ಅಂಗಡಿಯಲ್ಲಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬಳಸುವವರ ಕೈ ಹೆಚ್ಚು ಹೊತ್ತು ಕೀಬೋರ್ಡ್ ಮೇಲೇ ಇರುತ್ತದೆ. ವೋಚರ್, ಲೆಡ್ಜರ್, ಬಿಲ್ ಎಲ್ಲಕ್ಕೂ ಕೀ ಇದೆ. ಇವರು ಮೌಸ್‌ಗೆ ಜಾಸ್ತಿ ದುಡ್ಡು ಹಾಕಬೇಕಿಲ್ಲ. ಗಟ್ಟಿಮುಟ್ಟಾದ ಸಾದಾ ವೈರ್ ಮೌಸ್ ಸಾಕು. ಉಳಿದ ದುಡ್ಡನ್ನು ಒಳ್ಳೆ ಕೀಬೋರ್ಡಿಗೆ ಹಾಕಿ.

ಗ್ರಾಮ ಒನ್, ಆನ್‌ಲೈನ್ ಸೆಂಟರ್ ಕಥೆ ಬೇರೆ. ಅರ್ಜಿ ತುಂಬುವುದು, ಪಿಡಿಎಫ್ ಅಪ್‌ಲೋಡ್ ಮಾಡುವುದು, ಪಹಣಿ ತೆಗೆಯುವುದು, ಫೋಟೊ ಕತ್ತರಿಸುವುದು, ಎಲ್ಲವೂ ಕ್ಲಿಕ್ಕೇ. ಒಂದು ಅರ್ಜಿಗೇ ಹತ್ತಾರು ಕ್ಲಿಕ್ ಆಗುತ್ತದೆ. ಸಾಲು ನಿಂತಿರುವಾಗ ಕ್ಲಿಕ್ ತಪ್ಪಬಾರದು. ಇವರು ಬಟನ್ ಒಳಗಿನ ಸ್ವಿಚ್ ಚೆನ್ನಾಗಿರುವ ಮೌಸ್ ನೋಡಬೇಕು. ಪಕ್ಕದಲ್ಲಿ ಹಿಂದಕ್ಕೆ, ಮುಂದಕ್ಕೆ ಹೋಗುವ ಎರಡು ಬಟನ್ ಇದ್ದರೆ ಬ್ರೌಸರ್‌ನಲ್ಲಿ ಕೆಲಸ ಬೇಗ ಮುಗಿಯುತ್ತದೆ.

ಮದುವೆ ಕಾರ್ಡು, ಫ್ಲೆಕ್ಸ್ ಮಾಡುವ ಡಿಟಿಪಿಯವರಿಗೆ, ಆಟೋಕ್ಯಾಡ್‌ನಲ್ಲಿ ಪ್ಲಾನ್ ಹಾಕುವವರಿಗೆ ವೀಲೇ ಜೀವಾಳ. ಆಟೋಕ್ಯಾಡ್‌ನಲ್ಲಿ ವೀಲ್ ತಿರುಗಿಸಿದರೆ ಜೂಮ್ ಆಗುತ್ತದೆ. ಅದನ್ನೇ ಒತ್ತಿ ಹಿಡಿದು ಎಳೆದರೆ ನಕ್ಷೆ ಸರಿಯುತ್ತದೆ. ಎರಡು ಸಲ ಒತ್ತಿದರೆ ಇಡೀ ನಕ್ಷೆ ಪರದೆಗೆ ಹೊಂದಿಕೊಳ್ಳುತ್ತದೆ. ಅಂದರೆ ದಿನವಿಡೀ ವೀಲ್ ಒತ್ತುತ್ತಲೇ ಇರಬೇಕು. ಅಗ್ಗದ ಮೌಸ್‌ಗಳಲ್ಲಿ ವೀಲ್ ಒತ್ತುವುದು ಬಲು ಬಿಗಿ. ಸಂಜೆಗೆ ನಡುಬೆರಳು ಸೆಳೆಯುತ್ತದೆ. ಇನ್ನು ಕೆಲವಲ್ಲಿ ಒತ್ತುವಾಗಲೇ ವೀಲ್ ಒಂದು ಹಲ್ಲು ತಿರುಗಿ ಜೂಮ್ ಬದಲಾಗಿಬಿಡುತ್ತದೆ. ಈ ಕೆಲಸದವರು ಬೇರೆ ಏನನ್ನಾದರೂ ಬಿಡಿ, ವೀಲ್ ಒತ್ತಿ ನೋಡದೆ ಮಾತ್ರ ಮೌಸ್ ತರಬೇಡಿ.

ಗೇಮ್ ಆಡುವ ಹುಡುಗರಿಗೆ ಹಗುರ ಮೌಸ್ ಬೇಕು. ಅದರ ವಿಷಯ ಮುಂದೆ ಹೇಳುತ್ತೇನೆ. ಲ್ಯಾಪ್‌ಟಾಪ್ ಹೊತ್ತು ಕೊಪ್ಪಳ, ರಾಯಚೂರು ಅಂತ ಓಡಾಡುವವರಿಗೆ ಚಿಕ್ಕ ವೈರ್‌ಲೆಸ್ ಅನುಕೂಲ.

ಹೆಜ್ಜೆ 2: ಕೈ ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಚಪ್ಪಲಿಗೆ ಅಳತೆ ನೋಡುವ ನಾವು ಮೌಸ್‌ಗೆ ನೋಡುವುದಿಲ್ಲ. ಒಂದು ಸ್ಕೇಲ್ ತೆಗೆದುಕೊಂಡು ಅಂಗೈ ಚಾಚಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಅಳೆಯಿರಿ. 17 ಸೆಂಟಿಮೀಟರ್ ಒಳಗಿದ್ದರೆ ಚಿಕ್ಕ ಕೈ. 17ರಿಂದ 19 ಮಧ್ಯಮ. ಅದಕ್ಕೂ ಮೇಲಿದ್ದರೆ ದೊಡ್ಡ ಕೈ.

ಕೈಯ ಉದ್ದದ ನೂರಕ್ಕೆ 60ರಷ್ಟು ಮೌಸ್ ಉದ್ದ ಇರಲಿ ಎಂಬುದು ರೂಢಿಯ ಲೆಕ್ಕ. 18 ಸೆಂಟಿಮೀಟರ್ ಕೈಗೆ 10.8 ಸೆಂಟಿಮೀಟರ್ ಮೌಸ್ ಆಯಿತು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಹುಡುಕುವಾಗ ಒಂದು ದಾರಿ ಅಷ್ಟೆ. ಉದ್ದ ಎಷ್ಟು ಎಂದು ಡಬ್ಬಿಯ ಮೇಲೆ ಅಥವಾ ಆನ್‌ಲೈನ್ ವಿವರದಲ್ಲಿ ಮಿಲಿಮೀಟರ್‌ನಲ್ಲಿ ಬರೆದಿರುತ್ತದೆ.

ಕೈ ಹಿಡಿಯುವ ರೀತಿಯನ್ನೂ ಗಮನಿಸಿ. ಕೆಲವರು ಇಡೀ ಅಂಗೈಯನ್ನು ಮೌಸ್ ಮೇಲೆ ಊರುತ್ತಾರೆ. ಇವರಿಗೆ ಬೆನ್ನು ಉಬ್ಬಿರುವ, ಸ್ವಲ್ಪ ದೊಡ್ಡ ಮೌಸ್ ಹಿತ. ಕೆಲವರು ಬೆರಳು ಬಾಗಿಸಿ ಹಿಡಿಯುತ್ತಾರೆ, ಅಂಗೈಯ ಹಿಂಭಾಗ ಮಾತ್ರ ತಾಗುತ್ತದೆ. ಇನ್ನು ಕೆಲವರು ಬೆರಳ ತುದಿಯಲ್ಲೇ ಆಡಿಸುತ್ತಾರೆ. ಅವರಿಗೆ ಚಿಕ್ಕದು, ತಗ್ಗಾದದ್ದು, ಹಗುರವಾದದ್ದು ಬೇಕು. ಈಗ ನಿಮ್ಮ ಮೌಸ್ ಮೇಲೆ ಕೈ ಇಟ್ಟು ನೋಡಿ, ನಿಮ್ಮದು ಯಾವ ಹಿಡಿತ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಲ್ಯಾಪ್‌ಟಾಪಿಗೆ ಎಂದು ಮಾಡಿದ ಪುಟ್ಟ ಮೌಸ್‌ಗಳನ್ನು ದೊಡ್ಡ ಕೈಯವರು ಆಫೀಸಿನಲ್ಲಿ ಇಡೀ ದಿನ ಬಳಸುವುದನ್ನು ತುಂಬಾ ಕಡೆ ನೋಡುತ್ತೇನೆ. ಕಿರುಬೆರಳು ಟೇಬಲ್ಲಿಗೆ ಉಜ್ಜುತ್ತಿರುತ್ತದೆ, ಅಂಗೈ ಗಾಳಿಯಲ್ಲಿ ತೇಲುತ್ತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳಿಗೆ ಇದರ ಉಲ್ಟಾ. ದೊಡ್ಡವರ ಮೌಸ್ ಅವರ ಕೈಗೆ ಭಾರ, ಬೆರಳು ಬಟನ್ ತುದಿ ಮುಟ್ಟುವುದಿಲ್ಲ.

ಎಡಗೈಯವರು ಎರಡೂ ಬದಿ ಒಂದೇ ಆಕಾರ ಇರುವ ಮೌಸ್ ಕೊಳ್ಳಿ. ಹೆಬ್ಬೆರಳಿಗೆ ಗುಳಿ ಇರುವ ಮೌಸ್‌ಗಳು ಸಾಮಾನ್ಯವಾಗಿ ಬಲಗೈಗೇ ಮಾಡಿದವು. ಎಡ ಬಲ ಬಟನ್ ಅದಲುಬದಲು ಮಾಡುವ ಆಯ್ಕೆ ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲೇ ಇದೆ. ಎಡಗೈ ಮಗುವಿಗೆ "ಬಲಗೈಲಿ ಹಿಡಿ" ಅಂತ ಗದರುವ ಅಗತ್ಯವೇ ಇಲ್ಲ.

ಈಗಾಗಲೇ ಮಣಿಕಟ್ಟು ನೋಯುತ್ತಿದ್ದರೆ ವರ್ಟಿಕಲ್ ಮೌಸ್ ಒಮ್ಮೆ ಹಿಡಿದು ನೋಡಿ. ಅದರಲ್ಲಿ ಅಂಗೈ ಕೆಳಮುಖವಾಗಿರದೆ ಹಸ್ತಲಾಘವಕ್ಕೆ ಚಾಚಿದ ಹಾಗೆ ನಿಲ್ಲುತ್ತದೆ. ಮುಂಗೈ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಮೊದಲ ಕೆಲವು ದಿನ ಗುರಿ ತಪ್ಪುತ್ತದೆ, ಆಮೇಲೆ ರೂಢಿಯಾಗುತ್ತದೆ. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜುಮು ಹಿಡಿಯುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು ಇದ್ದರೆ ಮೌಸ್ ಬದಲಿಸಿ ಸುಮ್ನೆ ಕೂರಬೇಡಿ. ಅಲ್ಲಿ ನರ ಒತ್ತಿಕೊಂಡಿರಬಹುದು. ಡಾಕ್ಟರಿಗೆ ತೋರಿಸಿ.

ಹೆಜ್ಜೆ 3: ಟೇಬಲ್ಲು ನೋಡಿ

ಈಗಿನ ಮೌಸ್ ಹೊಟ್ಟೆಯಲ್ಲಿ ಸೆನ್ಸರ್ ಎಂಬ ಒಂದು ಪುಟ್ಟ ಕ್ಯಾಮೆರಾ ಇದೆ. ಪಕ್ಕದ ದೀಪ ಟೇಬಲ್ಲಿನ ಮೇಲ್ಮೈಗೆ ಬೆಳಕು ಹಾಕುತ್ತದೆ. ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು, ಒಂದಕ್ಕೊಂದು ಹೋಲಿಸಿ, ಕೈ ಯಾವ ಕಡೆ ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ಮೇಲ್ಮೈಯಲ್ಲಿ ಅದಕ್ಕೆ ಕಾಣುವಂಥ ಸಣ್ಣ ಉಬ್ಬುತಗ್ಗು, ಎಳೆ, ಚುಕ್ಕೆ ಏನಾದರೂ ಇರಬೇಕು. ಗಾಜಿನಲ್ಲಿ ಅದು ಇರುವುದಿಲ್ಲ. ಕನ್ನಡಿಯಂತೆ ಹೊಳೆಯುವ ಕಲ್ಲಿನಲ್ಲೂ ಕಷ್ಟ.

ನಮ್ಮ ಕಡೆ ಇದು ದೊಡ್ಡ ವಿಷಯ. ಕೌಂಟರ್‌ಗೆ ಪಾಲಿಶ್ ಮಾಡಿದ ಗ್ರಾನೈಟ್ ಇಲ್ಲವೇ ಕರಿ ಕಡಪ ಕಲ್ಲು ಹಾಕಿಸಿರುತ್ತಾರೆ. ಮಿಲ್ ಮಾಲೀಕರ ಟೇಬಲ್ ಮೇಲೆ ಗಾಜು, ಗಾಜಿನ ಕೆಳಗೆ ದೇವರ ಫೋಟೊ, ಕ್ಯಾಲೆಂಡರ್. ಇಂಥ ಕಡೆ ಪರದೆಯ ಮೇಲಿನ ಬಾಣ ನಡುಗುತ್ತದೆ, ಇದ್ದಕ್ಕಿದ್ದಂತೆ ಮೂಲೆಗೆ ಹಾರುತ್ತದೆ. ಮೌಸ್ ಕೆಟ್ಟಿತು ಅಂತ ಫೋನ್ ಬರುತ್ತದೆ.

ಅಂಥ ಫೋನ್ ಬಂದಾಗ ನಾನು ಮೊದಲು ಹೇಳುವುದು ಇದು: ಒಂದು ಬಿಳಿ ಎ4 ಹಾಳೆಯನ್ನು ಮೌಸ್ ಕೆಳಗೆ ಇಟ್ಟು ಆಡಿಸಿ. ಹಾಳೆಯ ನಾರು ಸೆನ್ಸರ್‌ಗೆ ಚೆನ್ನಾಗಿ ಕಾಣುತ್ತದೆ. ಬಾಣ ಸರಿಯಾಗಿ ಓಡಿದರೆ ಮೌಸ್ ಸರಿ ಇದೆ, ಟೇಬಲ್ಲಿನದು ತೊಂದರೆ. ಒಂದು ಬಟ್ಟೆಯ ಮೌಸ್‌ಪ್ಯಾಡ್ ತಂದರೆ ಮುಗಿಯಿತು. ಹೊಸ ಮೌಸ್ ಬೇಕಿಲ್ಲ. ಹಾಳೆಯ ಮೇಲೂ ಹಾರಿದರೆ ಮೌಸ್ ತಿರುಗಿಸಿ ಲೆನ್ಸಿನ ಗುಳಿ ನೋಡಿ. ಒಂದು ಕೂದಲು ಕೂತಿದ್ದರೂ ಹೀಗಾಗುತ್ತದೆ.

ಗಾಜಿನ ಮೇಲೆ ಓಡುವ ದುಬಾರಿ ಮೌಸ್‌ಗಳೂ ಇವೆ. ಆದರೆ ಪ್ಯಾಡ್ ಹಾಕಲು ಜಾಗ ಇದ್ದರೆ ಅದಕ್ಕಾಗಿ ಅಷ್ಟು ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಟೇಬಲ್ಲಿನ ಎತ್ತರವನ್ನೂ ಮರೆಯಬೇಡಿ. ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಚಿರಬೇಕು. ಮೌಸ್ ಕೀಬೋರ್ಡಿನ ಮಟ್ಟದಲ್ಲೇ, ಅದರ ಪಕ್ಕದಲ್ಲೇ ಇರಬೇಕು. ಎಷ್ಟೋ ಆಫೀಸುಗಳಲ್ಲಿ ಕೀಬೋರ್ಡ್ ಕೆಳಗಿನ ಟ್ರೇಯಲ್ಲಿ, ಮೌಸ್ ಮೇಲೆ ಟೇಬಲ್ಲಿನ ಮೂಲೆಯಲ್ಲಿ. ಹೀಗಿದ್ದರೆ ಎಂಥ ಮೌಸ್ ತಂದರೂ ಭುಜ ನೋಯುತ್ತದೆ.

ಹೆಜ್ಜೆ 4: ಧೂಳು ಮತ್ತು ಬಿಸಿಲು

ಬೆಂಗಳೂರಿನ ಎಸಿ ಆಫೀಸಿಗೆ ಹೇಳುವ ಸಲಹೆ ನಮಗೆ ಸಾಲದು. ಗಂಗಾವತಿಯ ಮಿಲ್ಲಿನಲ್ಲಿ ತೌಡಿನ ಪುಡಿ, ರಾಯಚೂರಿನ ಹತ್ತಿ ಜಿನ್ನಿಂಗ್‌ನಲ್ಲಿ ಹತ್ತಿಯ ಎಳೆ, ಸಂಡೂರು ಕಡೆ ಅದಿರಿನ ಕೆಂಪು ಧೂಳು. ಒಂದೊಂದು ಧೂಳು ಒಂದೊಂದು ರೀತಿ ಕಾಡುತ್ತದೆ. ಹತ್ತಿ ಎಳೆ ವೀಲಿನ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಕೆಂಪು ಧೂಳು ಬಟನ್ ಸಂದಿಗೆ ಇಳಿದು ಕರಕರ ಅನ್ನುತ್ತದೆ. ಎಲ್ಲಕ್ಕಿಂತ ಕಷ್ಟ ತೌಡಿನದು, ಯಾಕೆಂದರೆ ತೌಡಿನಲ್ಲಿ ಎಣ್ಣೆ ಅಂಶ ಇದೆ.

ಮಿಲ್ಲಿನ ಕಾಟಾ ರೂಮಿನಲ್ಲಿ ಒಂದು ವರ್ಷ ಇದ್ದ ಮೌಸ್ ಬಿಚ್ಚಿದರೆ ಏನು ಕಾಣುತ್ತದೆ ಗೊತ್ತಾ? ವೀಲಿನ ಎರಡೂ ಬದಿಗೆ ಕಂದು ಬಣ್ಣದ, ಮೆತ್ತನೆ ಉಂಗುರ. ತೌಡು, ಬೆವರು, ಚರ್ಮದ ಪುಡಿ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಉಗುರಿನಲ್ಲಿ ಎಬ್ಬಿದರೆ ಪಟ್ಟಿಯಂತೆ ಎದ್ದು ಬರುತ್ತದೆ. ವೀಲ್ ತಿರುಗಿದ್ದನ್ನು ಎಣಿಸುವ ಪುಟ್ಟ ಭಾಗಕ್ಕೆ ಎನ್‌ಕೋಡರ್ ಅನ್ನುತ್ತಾರೆ. ಸಾಮಾನ್ಯ ಮೌಸ್‌ಗಳಲ್ಲಿ ಅದರೊಳಗೆ ಲೋಹದ ಸಂಪರ್ಕಗಳು ಉಜ್ಜುತ್ತಾ ತಿರುಗುತ್ತವೆ. ಒಳಗೆ ಕೊಳೆ ಹೋದರೆ ಎಣಿಕೆ ತಪ್ಪುತ್ತದೆ. ಕೆಳಗೆ ಸ್ಕ್ರೋಲ್ ಮಾಡಿದರೆ ಪುಟ ಎರಡು ಹೆಜ್ಜೆ ಕೆಳಗೆ, ಒಂದು ಹೆಜ್ಜೆ ಮೇಲೆ ಹೋಗುವುದು ಇದರಿಂದಲೇ.

ಹಾಗಾಗಿ ಧೂಳಿನ ಜಾಗಕ್ಕೆ ಮೌಸ್ ಕೊಳ್ಳುವಾಗ ಮೂರು ವಿಷಯ ನೋಡಿ. ಮೈಮೇಲೆ ತೂತು ಇರಬಾರದು. ಜೇನುಗೂಡಿನಂತೆ ತೂತು ಬಿಟ್ಟ ಗೇಮಿಂಗ್ ಮೌಸ್ ಮಿಲ್ಲಿಗೆ ಬೇಡವೇ ಬೇಡ. ವೀಲಿನ ಸುತ್ತ ಸಂದಿ ಕಡಿಮೆ ಇರಲಿ. ಮೇಲ್ಮೈ ಒರೆಸಲು ಸುಲಭವಾಗಿರಲಿ, ಗೆರೆಗೆರೆ ವಿನ್ಯಾಸದ ಸಂದಿಯಲ್ಲಿ ಕೊಳೆ ಕೂತರೆ ಹೋಗುವುದಿಲ್ಲ.

ಬಿಸಿಲಿನ ವಿಷಯ ಇನ್ನೊಂದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮೃದುವಾದ ರಬ್ಬರ್ ಲೇಪನ ಇರುವ ಮೌಸ್ ಅಂಗಡಿಯಲ್ಲಿ ಮುಟ್ಟಲು ಬಲು ಹಿತ. ಆದರೆ ಬಿಸಿ, ಬೆವರು, ಕೈಯ ಎಣ್ಣೆ ಸೇರಿ ಆ ಲೇಪನ ಕಾಲ ಕಳೆದಂತೆ ಕರಗಿ ಅಂಟಂಟಾಗುತ್ತದೆ. ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಹೊಳಪಿಲ್ಲದ ಸಾದಾ ಪ್ಲಾಸ್ಟಿಕ್ ಮೈಯ ಮೌಸ್ ನೋಡಲು ಬಡವಾಗಿ ಕಂಡರೂ ನಮ್ಮ ಊರಿಗೆ ಅದೇ ಬಾಳಿಕೆ.

ಹೆಜ್ಜೆ 5: ವೈರಾ, ವೈರ್‌ಲೆಸ್ಸಾ?

ಒಂದೇ ಜಾಗದಲ್ಲಿ ಇರುವ ಡೆಸ್ಕ್‌ಟಾಪಿಗೆ ನನ್ನ ಆಯ್ಕೆ ವೈರ್. ಸೆಲ್ ಮುಗಿಯುವ ಚಿಂತೆ ಇಲ್ಲ, ಕಳೆಯುವ ಚಿಂತೆ ಇಲ್ಲ, ಬೆಲೆ ಕಡಿಮೆ. ಕೊಳ್ಳುವಾಗ ವೈರ್ ಉದ್ದ ಕೇಳಿ. ಸಿಪಿಯು ಟೇಬಲ್ ಕೆಳಗೆ ಇದ್ದರೆ ಹಿಂದಿನ ಪೋರ್ಟಿನಿಂದ ಸುತ್ತಿ ಬರಲು 1.8 ಮೀಟರ್ ಇದ್ದರೆ ಆರಾಮ. ವೈರ್ ಮೌಸ್ ಒಳಗೆ ಹೋಗುವ ಕತ್ತಿನ ಹತ್ತಿರ ರಬ್ಬರ್ ಬಿಗಿ ಇದೆಯಾ ನೋಡಿ, ತುಂಡಾಗುವುದು ಯಾವಾಗಲೂ ಅಲ್ಲೇ. ಮಿಲ್ಲು, ಗೋದಾಮಿನಲ್ಲಿ ಇಲಿ ಕಡಿಯುವುದೂ ಇದೆ. ಅಂಥ ಕಡೆ ವೈರನ್ನು ನೆಲಕ್ಕೆ ಬಿಡದೆ ಟೇಬಲ್ಲಿನ ಕಾಲಿಗೆ ಕಟ್ಟಿ. ರಾತ್ರಿ ಕಾಟ ಜಾಸ್ತಿ ಇದ್ದರೆ ವೈರ್‌ಲೆಸ್ ತಗೊಂಡು ಡ್ರಾಯರ್‌ನಲ್ಲಿಟ್ಟು ಬೀಗ ಹಾಕುವುದೇ ವಾಸಿ.

ವೈರ್‌ಲೆಸ್‌ನಲ್ಲಿ ಎರಡು ಜಾತಿ. ಒಂದು 2.4 ಗಿಗಾಹರ್ಟ್ಸ್, ಅಂದರೆ ಯುಎಸ್‌ಬಿ ಪೋರ್ಟಿಗೆ ಹಾಕುವ ಗುಂಡಿಯಷ್ಟು ಚಿಕ್ಕ ರಿಸೀವರ್ ಜೊತೆ ಬರುವುದು. ಇನ್ನೊಂದು ಬ್ಲೂಟೂತ್. ರಿಸೀವರ್ ಇರುವುದು ಹಾಕಿದ ಕೂಡಲೇ ಕೆಲಸ ಮಾಡುತ್ತದೆ. ಆದರೆ ಅದು ಕಳೆದರೆ ಅಗ್ಗದ ಮೌಸ್ ಕಸಕ್ಕೇ. ಬೇರೆ ರಿಸೀವರ್ ಹೊಂದುವುದಿಲ್ಲ. ಲಾಜಿಟೆಕ್‌ನ ಯೂನಿಫೈಯಿಂಗ್, ಬೋಲ್ಟ್ ಎಂಬ ರಿಸೀವರ್‌ಗಳು ಮಾತ್ರ ಬೇರೆಯಾಗಿಯೂ ಸಿಗುತ್ತವೆ, ಅವು ತಮ್ಮ ಗುಂಪಿನ ಮೌಸ್‌ಗಳಿಗೆ ಜೋಡಣೆಯಾಗುತ್ತವೆ. ಎಷ್ಟೋ ಮೌಸ್‌ಗಳಲ್ಲಿ ಸೆಲ್ ಹಾಕುವ ಗೂಡಿನಲ್ಲೇ ರಿಸೀವರ್ ಇಡಲು ಜಾಗ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕುವ ಮುಂಚೆ ಅಲ್ಲಿ ಇಡಿ.

ಬ್ಲೂಟೂತ್ ಮೌಸ್ ಪೋರ್ಟ್ ತಿನ್ನುವುದಿಲ್ಲ. ಹೊಸ ತೆಳು ಲ್ಯಾಪ್‌ಟಾಪಿಗೆ, ಟ್ಯಾಬಿಗೆ ಒಳ್ಳೆಯದು. ಆದರೆ ಹಳೆಯ ಡೆಸ್ಕ್‌ಟಾಪಿನಲ್ಲಿ ಬ್ಲೂಟೂತೇ ಇರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಎರಡೂ ಇರುವ ಮೌಸ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ವೈರ್‌ಲೆಸ್ ಮೌಸ್ ತಡವರಿಸುತ್ತಿದೆ ಅಂತ ತರುವವರಿಗೆ ಒಂದು ಉಪಾಯ. ಯುಎಸ್‌ಬಿ 3.0 ಪೋರ್ಟ್, ಅಲ್ಲಿಗೆ ಹಾಕಿದ ಹಾರ್ಡ್‌ಡಿಸ್ಕ್ ಇವೆರಡೂ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡಿ ಮಾಡುತ್ತವೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿತ್ತು. ರಿಸೀವರನ್ನು ಬೇರೆ ಪೋರ್ಟಿಗೆ ಹಾಕಿ. ರಿಸೀವರ್ ಸಿಪಿಯು ಹಿಂಬದಿಯಲ್ಲಿದ್ದರೆ ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಟೇಬಲ್ ಮೇಲಕ್ಕೆ ತನ್ನಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಸೆಲ್ ಹಾಕುವುದೋ, ಒಳಗೇ ಚಾರ್ಜ್ ಆಗುವುದೋ? ಒಂದು ಡಬಲ್‌ಎ ಸೆಲ್ ತಿಂಗಳುಗಟ್ಟಲೆ ಬರುತ್ತದೆ, ನಮ್ಮ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಒಳಗಿನ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗಿದರೆ ಬದಲಿಸುವುದು ಕಷ್ಟ. ಹಾಗಾಗಿ ನಾನು ಸೆಲ್ ಪರ. ಬೇಸಿಗೆ ರಜೆಗೆ ಮೌಸ್ ಮುಟ್ಟುವುದಿಲ್ಲ ಅಂದರೆ ಸೆಲ್ ತೆಗೆದಿಡಿ. ಒಳಗೇ ಸೋರಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಹೆಜ್ಜೆ 6: ಡಬ್ಬಿಯ ಮೇಲಿನ ನಂಬರ್

ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಎಷ್ಟು ಹೆಜ್ಜೆ ಎಣಿಸುತ್ತದೆ ಎಂಬ ಲೆಕ್ಕ. 1000 ಡಿಪಿಐ ಮೌಸ್ ಒಂದು ಇಂಚು ಸರಿದರೆ, ವಿಂಡೋಸ್‌ನ ವೇಗ ನಡುವಿನಲ್ಲಿದ್ದರೆ, ಬಾಣ ಸುಮಾರು 1000 ಪಿಕ್ಸೆಲ್ ಸರಿಯುತ್ತದೆ. ಸಾಮಾನ್ಯ ಪರದೆಯ ಅಗಲ 1920 ಪಿಕ್ಸೆಲ್. ಎರಡು ಇಂಚಿನೊಳಗೆ ಈ ತುದಿಯಿಂದ ಆ ತುದಿಗೆ ಹೋಯಿತು. ಈಗ 6400 ಡಿಪಿಐ ಹಾಕಿ ನೋಡಿ. 8 ಮಿಲಿಮೀಟರ್ ಕೈ ಅಲ್ಲಾಡಿದರೆ ಇಡೀ ಪರದೆ ದಾಟುತ್ತದೆ. ಅದರಲ್ಲಿ ಒಂದು ಚಿಕ್ಕ ಬಾಕ್ಸಿಗೆ ಟಿಕ್ ಹಾಕಲು ಸಾಧ್ಯವಾ? ಆಫೀಸಿಗೆ 800ರಿಂದ 1600 ಸಾಕು. ಗೇಮ್‌ನಲ್ಲಿ ಪಳಗಿದವರೂ ಹೆಚ್ಚಾಗಿ 400ರಿಂದ 1600ರ ಒಳಗೇ ಆಡುತ್ತಾರೆ.

ಪೋಲಿಂಗ್ ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಮೌಸ್ ತನ್ನ ಸುದ್ದಿ ಕಂಪ್ಯೂಟರಿಗೆ ಹೇಳುತ್ತದೆ ಎಂಬುದು. 125 ಹರ್ಟ್ಸ್ ಆದರೆ 8 ಮಿಲಿಸೆಕೆಂಡಿಗೊಮ್ಮೆ, 1000 ಆದರೆ 1 ಮಿಲಿಸೆಕೆಂಡಿಗೊಮ್ಮೆ. ವೇಗದ ಶೂಟಿಂಗ್ ಗೇಮ್ ಆಡುವವರಿಗೆ 1000 ಬೇಕು. ಅರ್ಜಿ ತುಂಬುವವರಿಗೆ 125 ಸಾಕೇ ಸಾಕು. ಗೇಮ್‌ಗೆ ಇನ್ನೊಂದು ಅಂಶ ತೂಕ. 60ರಿಂದ 80 ಗ್ರಾಂ ಇದ್ದರೆ ಎತ್ತಿ ಇಡಲು ಕೈ ಸೋಲುವುದಿಲ್ಲ. ಬಣ್ಣದ ದೀಪಕ್ಕೂ ಆಟಕ್ಕೂ ಸಂಬಂಧ ಇಲ್ಲ.

ಸ್ವಿಚ್ ಎಷ್ಟು ಕ್ಲಿಕ್ ಬಾಳುತ್ತದೆ ಎಂದೂ ಬರೆದಿರುತ್ತಾರೆ, 1 ಕೋಟಿ, 2 ಕೋಟಿ, 5 ಕೋಟಿ ಅಂತ. ಸಾಮಾನ್ಯ ಸ್ವಿಚ್ ಒಳಗೆ ಒಂದು ತೆಳು ಲೋಹದ ಎಲೆ ಬಾಗಿ ಮುಟ್ಟುತ್ತದೆ. ಮುಟ್ಟುವ ಜಾಗ ಸವೆದು ಕಪ್ಪಾದಾಗ ಒಂದು ಕ್ಲಿಕ್ ಎರಡಾಗುತ್ತದೆ. ಆಪ್ಟಿಕಲ್ ಸ್ವಿಚ್‌ನಲ್ಲಿ ಲೋಹ ಮುಟ್ಟುವ ಬದಲು ಬೆಳಕು ಕೆಲಸ ಮಾಡುತ್ತದೆ, ಈ ರೋಗ ಅಲ್ಲಿ ಇಲ್ಲ. ಗ್ರಾಮ ಒನ್ ನಡೆಸುವವರು ಡಿಪಿಐ ಬಿಟ್ಟು ಈ ನಂಬರ್ ಕೇಳಬೇಕು.

ಹೆಜ್ಜೆ 7: ಎಷ್ಟು ದುಡ್ಡು?

ಹೆಸರಿರುವ ಕಂಪನಿಯ ಸಾದಾ ವೈರ್ ಮೌಸ್ ಸುಮಾರು 300ರಿಂದ 500 ರೂಪಾಯಿ. ಸೆಲ್ ಹಾಕುವ ವೈರ್‌ಲೆಸ್ 500ರಿಂದ 1000. ಪಕ್ಕದ ಬಟನ್, ಬ್ಲೂಟೂತ್, ಸದ್ದಿಲ್ಲದ ಕ್ಲಿಕ್ ಎಲ್ಲ ಬೇಕು ಅಂದರೆ 1000 ದಾಟುತ್ತದೆ. ನನ್ನ ಅಭಿಪ್ರಾಯ: ದಿನಕ್ಕೆ ಒಂದೆರಡು ತಾಸು ಬಳಸುವವರು 500 ದಾಟಬೇಕಿಲ್ಲ. ಅದರಿಂದಲೇ ಹೊಟ್ಟೆ ಹೊರೆಯುವ ಡಿಟಿಪಿಯವರು, ಕ್ಯಾಡ್‌ನವರು 1000ಕ್ಕೆ ಹಿಂಜರಿಯಬಾರದು. 150 ರೂಪಾಯಿಯ ಹೆಸರಿಲ್ಲದ ಮೌಸ್ ಯಾರಿಗೂ ಬೇಡ.

ಹೆಜ್ಜೆ 8: ಅಂಗಡಿಯಲ್ಲಿ ಪರೀಕ್ಷೆ

ಗಂಗಾವತಿ ಆಗಲಿ, ಬಳ್ಳಾರಿ ಆಗಲಿ, ಕೇಳಿದರೆ ಅಂಗಡಿಯವರು ಮೌಸ್ ಹಾಕಿ ತೋರಿಸುತ್ತಾರೆ. ನಾಚಿಕೆ ಬೇಡ. "ಒಮ್ಮೆ ಹಾಕಿ ತೋರಿಸ್ರಿ" ಅನ್ನಿ.

ಮೊದಲು ಡಬ್ಬಿಯಿಂದ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಏನೂ ಗಡಗಡ ಅನ್ನಬಾರದು. ಕೈ ಇಟ್ಟು ಎರಡೂ ಬಟನ್ ತುದಿಯಲ್ಲಿ, ನಡುವಲ್ಲಿ ಒತ್ತಿ. ಎಲ್ಲಿ ಒತ್ತಿದರೂ ಕ್ಲಿಕ್ ಆಗಬೇಕು. ಈಗ ನೋಟ್‌ಪ್ಯಾಡ್ ತೆರೆದು ಒಂದೆರಡು ಸಾಲು ಬರೆದು, ಬಟನ್ ಒತ್ತಿ ಹಿಡಿದು ನಿಧಾನ ಎಳೆಯುತ್ತಾ ಸಾಲನ್ನು ಆಯ್ಕೆ ಮಾಡಿ. ನಡುವೆ ಆಯ್ಕೆ ಬಿಟ್ಟುಹೋದರೆ ಸ್ವಿಚ್ ಸರಿ ಇಲ್ಲ. ಫೋಲ್ಡರ್ ಮೇಲೆ ಒಂದೇ ಸಲ ಒತ್ತಿ ನೋಡಿ, ಅದು ತೆರೆದುಕೊಂಡರೆ ಡಬಲ್ ಕ್ಲಿಕ್ ರೋಗ. ಉದ್ದ ಪುಟ ತೆರೆದು ವೀಲನ್ನು ಒಂದೊಂದೇ ಹಲ್ಲು ಕೆಳಗೆ, ಆಮೇಲೆ ಮೇಲೆ ತಿರುಗಿಸಿ. ಒಂದು ಸಲವೂ ಉಲ್ಟಾ ಹೋಗಬಾರದು. ವೀಲ್ ಒತ್ತಿ ಬ್ರೌಸರ್‌ನಲ್ಲಿ ಒಂದು ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ಕೊನೆಗೆ ಮೌಸನ್ನು ನಿಧಾನ ವೃತ್ತವಾಗಿ ತಿರುಗಿಸಿ, ಬಾಣವೂ ಜಿಗಿಯದೆ ವೃತ್ತ ಹಾಕಬೇಕು.

ಹೆಜ್ಜೆ 9: ಡಬ್ಬಿ, ಬಿಲ್ಲು, ವಾರಂಟಿ

ಪ್ಯಾಕ್ ಮಾಡಿದ ಸರಕಿನ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ತಯಾರಕರ ಇಲ್ಲವೇ ಆಮದುದಾರರ ವಿಳಾಸ, ಗ್ರಾಹಕರು ಸಂಪರ್ಕಿಸುವ ನಂಬರ್ ಇರಲೇಬೇಕು. ಪ್ಯಾಕ್ ಮಾಡಿದ ಸರಕುಗಳ ಬಗ್ಗೆ ಇರುವ 2011ರ ಕಾನೂನು ಮಾಪನ ನಿಯಮ ಹಾಗೆ ಹೇಳುತ್ತದೆ. ಇವು ಇಲ್ಲದ ಡಬ್ಬಿಯ ಮೇಲೆ ಎಷ್ಟೇ ದೊಡ್ಡ ಕಂಪನಿಯ ಹೆಸರಿದ್ದರೂ ನಕಲಿ ಎಂದೇ ಅನುಮಾನ ಪಡಿ.

ವಾರಂಟಿ 1 ವರ್ಷವೋ 3 ವರ್ಷವೋ ಅಂತ ಡಬ್ಬಿಯಲ್ಲೇ ಓದಿ. ಕೆಟ್ಟರೆ ಅಂಗಡಿಯವರೇ ಬದಲಿಸಿ ಕೊಡುತ್ತಾರಾ, ನಾವೇ ಸರ್ವಿಸ್ ಸೆಂಟರಿಗೆ ಹೋಗಬೇಕಾ, ಅದು ಯಾವ ಊರಿನಲ್ಲಿದೆ ಎಂದು ಆಗಲೇ ಕೇಳಿ. 400 ರೂಪಾಯಿ ಮೌಸ್‌ಗಾಗಿ ಹುಬ್ಬಳ್ಳಿಗೆ ಹೋಗಿ ಬರುವುದು ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ? ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಬಿಸಿಯಿಂದ ಅಕ್ಷರ ಮೂಡುವ ಥರ್ಮಲ್ ಕಾಗದದ ಮೇಲೆ ಮುದ್ರಿಸಿದ ಬಿಲ್ ನಮ್ಮ ಬಿಸಿಲಿಗೆ ಬೇಗ ಮಾಸುತ್ತದೆ, ಅವತ್ತೇ ಫೋಟೊ ತೆಗೆದಿಡಿ. ಬದಲಿಸಿ ಕೊಡಲು ಒಪ್ಪದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆನ್‌ಲೈನ್‌ನಲ್ಲಿ ತರಿಸುವವರು ಡಬ್ಬಿ ತೆರೆಯುವಾಗ ವಿಡಿಯೊ ಮಾಡಿ, ಬಂದ ದಿನವೇ ಮೇಲಿನ ಎಲ್ಲ ಪರೀಕ್ಷೆ ಮುಗಿಸಿ. ಬದಲಿಸುವ ಗಡುವು ಕೆಲವೇ ದಿನ ಇರುತ್ತದೆ.

ಹೆಜ್ಜೆ 10: ತಂದ ಮೇಲೆ ಹೊಂದಿಸಿ, ಆಮೇಲೆ ಶುಚಿ ಮಾಡುತ್ತಿರಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಆಮೇಲೆ ಮೌಸ್. ಅಲ್ಲಿ ಬಾಣದ ವೇಗ ಇದೆ. ಕೈ ಎತ್ತಿ ಎತ್ತಿ ಇಡಬೇಕಾದರೆ ವೇಗ ಸ್ವಲ್ಪ ಏರಿಸಿ. ಗುರಿ ದಾಟಿ ಹೋಗುತ್ತಿದ್ದರೆ ಇಳಿಸಿ. ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಎಂಬ ಆಯ್ಕೆ ಆನ್ ಇದ್ದರೆ ಕೈ ವೇಗವಾಗಿ ಹೋದಾಗ ಬಾಣ ಇನ್ನೂ ದೂರ ಹೋಗುತ್ತದೆ. ಆಫೀಸಿಗೆ ಅದು ಇರಲಿ. ಗೇಮ್‌ಗೆ, ಸೂಕ್ಷ್ಮ ಡ್ರಾಯಿಂಗಿಗೆ ಆಫ್ ಮಾಡಿ. ವಯಸ್ಸಾದವರು ಬಳಸುವುದಾದರೆ ಡಬಲ್ ಕ್ಲಿಕ್ ವೇಗ ಕಡಿಮೆ ಮಾಡಿ, ಬಾಣ ದೊಡ್ಡದು ಮಾಡಿ. ಅವರಿಗೆ ಅರ್ಧ ಕಷ್ಟ ಅಲ್ಲೇ ಕಡಿಮೆಯಾಗುತ್ತದೆ.

ಮನೆಯಲ್ಲಾದರೆ ತಿಂಗಳಿಗೊಮ್ಮೆ, ಮಿಲ್ಲಿನಲ್ಲಾದರೆ ವಾರಕ್ಕೊಮ್ಮೆ ಶುಚಿ ಮಾಡಿ. ವೈರ್ ಕಿತ್ತು ಅಥವಾ ಸೆಲ್ ತೆಗೆದು ಶುರು ಮಾಡಿ. ತಿರುಗಿಸಿ, ಕೆಳಗಿನ ಜಾರುವ ಪಟ್ಟಿಗಳ ಅಂಚಿನಲ್ಲಿ ಕೂತ ಕೊಳೆಯನ್ನು ಹಲ್ಲುಕಡ್ಡಿಯಲ್ಲಿ ಎಬ್ಬಿ. ಲೆನ್ಸನ್ನು ಒಣಗಿದ ಕಾಟನ್ ಬಡ್ಸ್‌ನಿಂದ ಮೆಲ್ಲಗೆ ಒರೆಸಿ. ವೀಲಿನ ಸಂದಿಗೆ ಬ್ಲೋಯರ್ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ತೌಡು ಇನ್ನಷ್ಟು ಅಂಟುತ್ತದೆ. ವೀಲಿನ ರಬ್ಬರಿಗೆ, ಬಟನ್ ಸಂದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸು ತಾಗಿಸಿದ ಬಡ್ಸ್ ಆಡಿಸಿ. ಮೊಬೈಲ್ ರಿಪೇರಿಯವರ ಹತ್ತಿರ ಅದು ಇರುತ್ತದೆ. ಒದ್ದೆ ಬಟ್ಟೆ, ಸೀಮೆಎಣ್ಣೆ, ತೆಂಗಿನೆಣ್ಣೆ ಯಾವುದೂ ಬೇಡ.

ಬಟ್ಟೆಯ ಪ್ಯಾಡನ್ನು ಸೋಪಿನ ನೀರಲ್ಲಿ ಕೈಯಿಂದ ತಿಕ್ಕಿ ತೊಳೆಯಬಹುದು. ಹಿಂಡಬೇಡಿ. ಮಟ್ಟವಾದ ಜಾಗದಲ್ಲಿ, ನೆರಳಲ್ಲಿ ಒಣಗಿಸಿ. ನಮ್ಮ ಮೇ ತಿಂಗಳ ಬಿಸಿಲಿಗೆ ಹಾಕಿದರೆ ತಳದ ರಬ್ಬರ್ ಅಂಚು ಮೇಲೆದ್ದು ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಮೌಸ್ ಪ್ರತಿ ಸಲ ಅಲ್ಲಿ ಎಡವುತ್ತದೆ.